ಜೂನ್ ತಿಂಗಳ ದುಡ್ಡು

ಸೊಕ್ಕೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಜೆರಾಕ್ಸ್, ಪಹಣಿ, ಬೆಳೆ ವಿಮೆ, ಪಾನ್ ಕಾರ್ಡು, ಕಾಲೇಜು ಮಕ್ಕಳ ಸ್ಕಾಲರ್‌ಶಿಪ್ಪು ಎಲ್ಲವೂ ಒಂದೇ ಮೇಜಿನ ಮೇಲೆ. ಮುಂಗಾರು ಹಿಡಿಯುವ ಹೊತ್ತಿಗೆ ಅಂಗಡಿ ಮುಂದೆ ಎರಡು ಥರದ ಜನ ನಿಲ್ಲುತ್ತಾರೆ. ಬಿತ್ತನೆ ಬೀಜಕ್ಕೆ ರೈತರ ಗುರುತಿನ ಎಫ್‌ಐಡಿ ನಂಬರು ಕೇಳುವ ಅಪ್ಪಂದಿರು ಒಂದು ಕಡೆ, ಡಿಗ್ರಿಗೆ ಅರ್ಜಿ ಹಾಕಿಸಲು ಬಂದ ಮಕ್ಕಳು ಇನ್ನೊಂದು ಕಡೆ. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು.

ನಮ್ಮದು ಜಗಳೂರು ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗಕ್ಕೆ ಸೇರಿತ್ತು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಮನೆಗಳಲ್ಲಿ ದುಡ್ಡು ಕಾಣುವುದು ದೀಪಾವಳಿ ಆಸುಪಾಸಿನಲ್ಲಿ, ಕೊಯ್ಲು ಮುಗಿದ ಮೇಲೆ. ಕಾಲೇಜಿಗೆ ದುಡ್ಡು ಕಟ್ಟಬೇಕಾದದ್ದು ಜೂನ್, ಜುಲೈನಲ್ಲಿ. ಅದೇ ವಾರ ಬೀಜ ತರಬೇಕು, ಗೊಬ್ಬರ ತರಬೇಕು, ಬಾಡಿಗೆ ಟ್ರ್ಯಾಕ್ಟರಿಗೆ ಕೊಡಬೇಕು. ಮಗಳ ಅಡ್ಮಿಷನ್ನೋ ಡಿಎಪಿ ಚೀಲವೋ ಎಂಬ ಮಾತು ನನ್ನ ಅಂಗಡಿಯ ಕಟ್ಟೆಯ ಮೇಲೆ ಪ್ರತಿವರ್ಷ ನಡೆಯುತ್ತದೆ. ಸರ್ಕಾರದ ವಿದ್ಯಾರ್ಥಿವೇತನ ಬರುವುದು ಇನ್ನೂ ತಡವಾಗಿ. ವರ್ಷ ಮುಗಿಯುತ್ತಾ ಬಂದಾಗ ಬಂದರೂ ಬಂತು, ಮುಂದಿನ ವರ್ಷಕ್ಕೆ ಹೋದರೂ ಹೋಯಿತು.

ಹದಿಮೂರು ವರ್ಷದಿಂದ ಈ ಅರ್ಜಿಗಳನ್ನು ತುಂಬುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಮನವರಿಕೆಯಾದದ್ದು ಒಂದು. ನಮ್ಮ ಮಕ್ಕಳ ಓದು ನಿಲ್ಲುವುದು ಲಕ್ಷಗಟ್ಟಲೆ ದುಡ್ಡಿಲ್ಲದ್ದಕ್ಕಲ್ಲ. ಆ ತಿಂಗಳು ಕೈಗೆ ಸಿಗದ ಆರುನೂರು, ಸಾವಿರ, ಎರಡು ಸಾವಿರಕ್ಕೆ ನಿಲ್ಲುತ್ತದೆ. ಇದು ನನ್ನ ಮೈಮೇಲೇ ಬಂದು ಹೋದ ಮಾತು.

2007ರ ಜೂನ್‌ನಲ್ಲಿ ನಾನು ಬಿ.ಕಾಂ.ಗೆ ದಾವಣಗೆರೆಗೆ ಹೋದೆ. ಹಿಂದುಳಿದ ವರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತ್ತು. ಊಟ, ವಸತಿ ಎರಡೂ ಅಲ್ಲೇ ಆಯಿತು ಎಂದು ಅಪ್ಪ ನೆಮ್ಮದಿಯಾಗಿದ್ದ. ಊಟ, ವಸತಿ ಬಿಟ್ಟೂ ಖರ್ಚು ಇರುತ್ತದೆ ಎಂಬುದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸೋಪು, ನೋಟ್‌ಬುಕ್ಕು, ಜೆರಾಕ್ಸ್, ಸಿಟಿ ಬಸ್ಸು, ತಿಂಗಳ ದಿನಗಳಿಗೆ ಬೇಕಾದ ಪ್ಯಾಡು. ಎರಡನೇ ವರ್ಷ ಈರುಳ್ಳಿ ಹೊಲದಲ್ಲೇ ಕೊಳೆಯಿತು. ಪರೀಕ್ಷಾ ಶುಲ್ಕದ ಕೊನೇ ದಿನಾಂಕ ದಾಟಿತು, ದಂಡ ಸೇರಿ 640 ರೂಪಾಯಿ ಆಯಿತು. ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟುಬಿಟ್ಟೆ.

ಹಾಸ್ಟೆಲ್ಲಿನ ಬಾಗಿಲಲ್ಲಿ ಅಡುಗೆಯ ಅಕ್ಕ ಅಕ್ಕಿ ಆರಿಸುತ್ತಾ ಕೂತಿದ್ದರು. “ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಟ್ರಂಕು ಯಾಕವ್ವ?” ಎಂದರು. ನಾನು ಅತ್ತುಬಿಟ್ಟೆ. ಅವರು ಎದ್ದು ಒಳಗೆ ಹೋಗಿ 500 ರೂಪಾಯಿ ತಂದುಕೊಟ್ಟರು. ಉಳಿದದ್ದು ನನ್ನ ಹತ್ತಿರ ಇತ್ತು. “ತಿಂಗಳಿಗೆ ನೂರರಂಗೆ ಕೊಡು. ಹೆಂಗೆ ಕೊಡ್ತೀಯ ಅಂತ ಸಂಜೆ ಹೇಳ್ತೀನಿ, ಈಗ ಹೋಗಿ ಫೀಜು ಕಟ್ಟಿ ಬಾ” ಎಂದರು.

ಸಂಜೆ ಅವರು ಹೇಳಿಕೊಟ್ಟದ್ದು ಸೀರೆಗೆ ಕುಚ್ಚು ಹಾಕುವುದನ್ನು. ಅವರ ತಂಗಿ ಒಂದು ಸೀರೆ ಅಂಗಡಿಯಿಂದ ಕೆಲಸ ತರುತ್ತಿದ್ದಳು. ಸಾದಾ ಕುಚ್ಚಿಗೆ ಸೀರೆಗೆ 30 ರೂಪಾಯಿ. ಸೆರಗಿನ ಅಂಚನ್ನು ಮಂಚದ ಕಬ್ಬಿಣದ ಪಟ್ಟಿಗೆ ಬಿಗಿದು, ಜಾರದಂತೆ ಮೇಲೆ ಅಕೌಂಟೆನ್ಸಿ ಪುಸ್ತಕ ಇಡುತ್ತಿದ್ದೆ. ಸೆರಗಿನ ಬಣ್ಣಕ್ಕೆ ಹೊಂದುವ ರೇಷ್ಮೆ ದಾರವನ್ನು ಎಳೆ ಎಣಿಸಿ ಮಡಚಬೇಕು. ಅಂಚಿನೊಳಗೆ ಸೂಜಿಯಿಂದ ಎಳೆದು, ಕತ್ತಿನ ಹತ್ತಿರ ಜರಿ ಎಳೆಯಲ್ಲಿ ನಾಲ್ಕು ಸುತ್ತು ಬಿಗಿದು ಗಂಟು ಹಾಕಬೇಕು. ಸುತ್ತು ಸಡಿಲವಾದರೆ ಎರಡು ಸಲ ಉಟ್ಟಾಗಲೇ ಉದುರುತ್ತದೆ, ಅಂಗಡಿಯವರು ಸೀರೆ ವಾಪಸು ಕಳಿಸುತ್ತಾರೆ. ಕೊನೆಗೆ ಎಲ್ಲ ಕುಚ್ಚನ್ನೂ ಬಾಚಣಿಗೆಯಿಂದ ಬಾಚಿ, ಕೆಳಗೆ ಕಾರ್ಡು ಹಿಡಿದು ಒಂದೇ ಅಳತೆಗೆ ಕತ್ತರಿಸುವುದು. ಮೊದಲ ಸೀರೆಗೆ ನಾಲ್ಕು ತಾಸು ಹಿಡಿಯಿತು. ಒಂದು ತಿಂಗಳಲ್ಲಿ ಒಂದೂವರೆ ತಾಸಿಗೆ ಬಂದೆ. ವಾರಕ್ಕೆ ನಾಲ್ಕು ಸೀರೆ ಮಾಡಿದರೆ ತಿಂಗಳಿಗೆ ಐನೂರರ ಹತ್ತಿರ. ಅಕ್ಕನ ಸಾಲ ಐದು ತಿಂಗಳಲ್ಲಿ ತೀರಿತು. ಡಿಗ್ರಿ ಮುಗಿಯುವವರೆಗೆ ಮನೆಗೆ ದುಡ್ಡು ಕೇಳಲಿಲ್ಲ.

ಹಾಗಾಗಿ ಯಾರಾದರೂ “ಅಕ್ಕಾ, ಓದು ಬಿಡ್ತೀನಿ” ಎಂದರೆ ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟು ಬೇಕು, ಯಾವತ್ತಿಗೆ ಬೇಕು?

ಓದಲು ಊರು ಬಿಟ್ಟು ಹೋದ ಬಡ ಮಕ್ಕಳ ಹೊಟ್ಟೆಪಾಡು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನ ಎಂಬ ಪದ್ಧತಿ ಇತ್ತು. ದಿನಕ್ಕೊಂದು ಮನೆಯಂತೆ ವಾರವಿಡೀ ಏಳು ಮನೆಗಳಲ್ಲಿ ಉಂಡು ಓದಿದವರಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. 1913ರಲ್ಲಿ ಅಂಬೇಡ್ಕರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿವೇತನದ ಮೇಲೆ. ಮೂರು ವರ್ಷಕ್ಕೆ ಕೊಟ್ಟ ನೆರವು ಅದು. ನಾನು ಮಕ್ಕಳಿಗೆ ಈ ಮಾತು ಹೇಳುವಾಗ ‘ತಿಂಗಳಿಗೆ’ ಎಂಬುದನ್ನು ಒತ್ತಿ ಹೇಳುತ್ತೇನೆ. ನೆರವು ತಿಂಗಳು ತಿಂಗಳು ಕೈಸೇರಿದರೆ ಓದುವವನ ಮನಸ್ಸು ಪುಸ್ತಕದಲ್ಲಿ ನಿಲ್ಲುತ್ತದೆ.

ನಮ್ಮ ಕಡೆಯ ತಲೆಮಾರುಗಳನ್ನು ಓದಿಸಿದ್ದು ಮಠಗಳ ಪ್ರಸಾದ ನಿಲಯಗಳು. ಸಿರಿಗೆರೆಯ ಮಠ ನಮಗೆ ಹತ್ತಿರ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳಿಸಿಕೊಳ್ಳದೆ ಉಂಡು ಓದಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಉಚಿತ ಊಟ, ವಸತಿ ನಡೆಸಿದರು. 1970ರ ದಶಕದಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದ ವರ್ಗದ ಮಕ್ಕಳ ಹಾಸ್ಟೆಲ್ಲುಗಳಿಗೆ ಬಲ ಬಂತು. ನಾನು ಉಂಡದ್ದು ಆ ಅನ್ನ. ಅದನ್ನು ನೆನೆಯದೆ ಈ ಲೇಖನ ಬರೆಯುವುದು ನನ್ನಿಂದ ಆಗದು.

ಈಗಲೂ ಮೊದಲು ನೋಡಬೇಕಾದ್ದು ಹಾಸ್ಟೆಲ್ಲನ್ನೇ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ, ಹೀಗೆ ಬೇರೆ ಬೇರೆ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್ಲುಗಳಿವೆ. ಅರ್ಜಿ ಈಗ ಆನ್‌ಲೈನ್. ಹಾಸ್ಟೆಲ್ ಸಿಕ್ಕರೆ ಊಟದ್ದೂ ಬಾಡಿಗೆಯದೂ ಚಿಂತೆ ಇಲ್ಲ. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013-14ರಲ್ಲಿ ಶುರುವಾದದ್ದು ವಿದ್ಯಾಸಿರಿ. ಆಗ ನಿಗದಿಯಾದದ್ದು ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ವಿದ್ಯಾಸಿರಿಯನ್ನೂ ಪಡೆಯಲು ಬರುವುದಿಲ್ಲ. ಆಯ್ಕೆ ನಮ್ಮ ಕೈಯಲ್ಲಿದ್ದರೆ ಹಾಸ್ಟೆಲ್ಲೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಸ್ಟೆಲ್ಲಿನ ಊಟ ದಿನಾ ತಪ್ಪದೆ ಬರುತ್ತದೆ, ವಿದ್ಯಾಸಿರಿ ಖಾತೆಗೆ ಬರುವವರೆಗೆ ಹಸಿದಿರಲು ಆಗುವುದಿಲ್ಲ.

ದಾವಣಗೆರೆಯಲ್ಲಿ ರೂಮು ಮಾಡಿಕೊಂಡಿರುವ ನಮ್ಮೂರ ಕಡೆಯ ಒಬ್ಬ ಹುಡುಗ ತನ್ನ ಲೆಕ್ಕದ ಪುಸ್ತಕ ನನಗೆ ತೋರಿಸಿದ. ನಾಲ್ಕು ಜನ ಸೇರಿ ಒಂದು ರೂಮು, ತಲೆಗೆ 1,000 ಬಾಡಿಗೆ. ಗ್ಯಾಸಿಗೆ 250. ಕಾಯಿಪಲ್ಯೆ, ಎಣ್ಣೆ, ಹಾಲಿಗೆ 700. ಬಸ್ಸಿಗೆ 300, ಮೊಬೈಲಿಗೆ 300, ಜೆರಾಕ್ಸಿಗೆ 150. ಎಲ್ಲ ಸೇರಿ 2,700. ಅಕ್ಕಿ, ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಊರಿಂದ. ವಾರಕ್ಕೊಂದು ಸಲ ಅವ್ವ ರೊಟ್ಟಿ ಬುತ್ತಿ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸುತ್ತಾಳೆ, ಈತ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಾನೆ. ಆ ಬುತ್ತಿಯನ್ನು ರೂಪಾಯಿಯಲ್ಲಿ ಬರೆದರೆ ಇನ್ನೂ ಸಾವಿರ ಸೇರುತ್ತಿತ್ತು. ಬುತ್ತಿ ತಡವಾದ ದಿನ ಇಂದಿರಾ ಕ್ಯಾಂಟೀನು, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ.

ಎಲ್ಲ ಮಕ್ಕಳೂ ಹೀಗೆ ಬರೆದಿಡಬೇಕು. ‘ದುಡ್ಡಿಲ್ಲ’ ಎಂದು ದಿಗಿಲು ಬೀಳುವುದಕ್ಕಿಂತ ‘ತಿಂಗಳಿಗೆ 1,200 ಕಡಿಮೆ ಬೀಳುತ್ತಿದೆ’ ಎಂದು ಗೊತ್ತಾದರೆ ಏನು ಮಾಡಬೇಕೆಂದು ಹೊಳೆಯುತ್ತದೆ.

ಇನ್ನು ವಿದ್ಯಾರ್ಥಿವೇತನ. ರಾಜ್ಯದ ಬಹುಪಾಲು ನೆರವಿಗೆ ಅರ್ಜಿ ಎಸ್‌ಎಸ್‌ಪಿ ಎಂಬ ಒಂದೇ ಜಾಲತಾಣದಲ್ಲಿ. ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ವೇತನಕ್ಕೆ ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರಬೇಕು. ಹಿಂದುಳಿದ ವರ್ಗಗಳಿಗೆ ಪ್ರವರ್ಗ ನೋಡಿಕೊಂಡು ಮಿತಿ ಬೇರೆ. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ರೈತರ ಮಕ್ಕಳಿಗೆ ವಿದ್ಯಾನಿಧಿ ತಂದಿತು. ಆಗ ನಿಗದಿಯಾದಂತೆ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥ ಪದವಿಗಳಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್ ಮುಂತಾದವಕ್ಕೆ 7,500 ಮತ್ತು 8,000. ವೈದ್ಯಕೀಯ, ಎಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಕೇಂದ್ರದ್ದೂ ಒಂದಿದೆ. ಪಿಯುಸಿಯಲ್ಲಿ ಮೇಲಿನ ಶೇ 20ರೊಳಗೆ ಬಂದು, ಮನೆಯ ವರಮಾನ ನಾಲ್ಕೂವರೆ ಲಕ್ಷ ದಾಟದಿದ್ದರೆ, ಪದವಿಯಲ್ಲಿ ವರ್ಷಕ್ಕೆ 12,000. ಅದಕ್ಕೆ ಅರ್ಜಿ ಎನ್‌ಎಸ್‌ಪಿಯಲ್ಲಿ, ಎಸ್‌ಎಸ್‌ಪಿಯಲ್ಲಿ ಅಲ್ಲ. ಮೂರಕ್ಷರದ ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿಕೊಂಡು ಒಳ್ಳೆಯ ಅಂಕದ ಎಷ್ಟೋ ಮಕ್ಕಳು ಕೇಂದ್ರದ್ದನ್ನು ಕಳೆದುಕೊಂಡಿದ್ದಾರೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಹತ್ತು, ಹನ್ನೆರಡು ಓದಿ ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2025ರಲ್ಲಿ ನಮ್ಮ ರಾಜ್ಯದಲ್ಲೂ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ತೆರೆಯಿತು. ನನ್ನ ಅಂಗಡಿಗೆ ಬರುವ ಹುಡುಗಿಯರಿಗೆ ಈಗ ನಾನು ಮೊದಲು ತೆರೆದು ತೋರಿಸುವುದು ಅದನ್ನೇ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಪ್ಪ ಅವ್ವಂದಿರ ಹತ್ತಿರ ಕಟ್ಟಡ ಕಾರ್ಮಿಕರ ಕಾರ್ಡು ಇದ್ದರೆ ಆ ಮಂಡಳಿಯಲ್ಲೂ ಮಕ್ಕಳ ಓದಿಗೆ ಸಹಾಯಧನ ಇದೆ. ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿರಬೇಕು, ಅಷ್ಟೆ.

ಯೋಜನೆಗಳ ಹೆಸರು ಮಕ್ಕಳಿಗೆ ಗೊತ್ತು. ದುಡ್ಡು ತಪ್ಪುವುದು ಕಾಗದದಲ್ಲಿ. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ನಾನು ಅತಿ ಹೆಚ್ಚು ಕಣ್ಣೀರು ಕಂಡದ್ದು ಇದರಲ್ಲಿ.

ಒಂದು, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದಿರುತ್ತದೆ, ಆಧಾರದಲ್ಲಿ ಮುಂದಿರುತ್ತದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇರುವುದಿಲ್ಲ. ಮನುಷ್ಯರಿಗೆ ಮೂರೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ತಿದ್ದಬೇಕಾದ್ದು ಆಧಾರವನ್ನು, ಅಂಕಪಟ್ಟಿಗೆ ಹೊಂದುವಂತೆ. ಅದಕ್ಕೆ ದಿನಗಳು ಹಿಡಿಯುತ್ತವೆ. ಆದ್ದರಿಂದ ಪಿಯುಸಿ ಪರೀಕ್ಷೆ ಮುಗಿದು ಮನೆಯಲ್ಲಿ ಕೂತಿರುವ ಏಪ್ರಿಲ್, ಮೇ ತಿಂಗಳೇ ಅದಕ್ಕೆ ಸರಿ.

ಎರಡು, ಆರ್‌ಡಿ ನಂಬರು. ನಾಡಕಚೇರಿಯಲ್ಲಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಅರ್ಜಿ ನಿಂತಿರುವುದೇ ಅದರ ಮೇಲೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ, ಯಾರೂ ನೋಡಿರುವುದಿಲ್ಲ.

ಮೂರನೆಯದು ಜಮೀನು. ವಿದ್ಯಾನಿಧಿಗೆ ಅಪ್ಪ ಅಥವಾ ಅವ್ವನ ಎಫ್‌ಐಡಿ ಬೇಕು. ನಮ್ಮ ಕಡೆ ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ಅಜ್ಜನ ಹೆಸರೇ ಇರುವ ಮನೆಗಳು ಬಹಳ. ಉಳುವವನು ಅಪ್ಪ, ದಾಖಲೆಯಲ್ಲಿ ಅಜ್ಜ. ಪೌತಿ ಖಾತೆ ಆಗದೆ ಅಪ್ಪನ ಹೆಸರಿನಲ್ಲಿ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದೆ ಮಗಳಿಗೆ 5,500 ಇಲ್ಲ. ಅಣ್ಣ ತಮ್ಮಂದಿರು ಕೂತು ಮಾತಾಡದೆ ಬಿಟ್ಟ ವ್ಯವಹಾರಕ್ಕೆ ಮಕ್ಕಳು ದಂಡ ಕಟ್ಟುತ್ತಿದ್ದಾರೆ. ಅಪ್ಪಂದಿರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವರ್ಷ ಪೌತಿ ಖಾತೆ ಮಾಡಿಸಿಕೊಳ್ಳಿ.

ಕೊನೆಯದು ಬ್ಯಾಂಕು. ಸರ್ಕಾರದ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರಕ್ಕೆ ಕಡೆಯ ಸಲ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನೇ ಎಲ್ಲರೂ ಎನ್‌ಪಿಸಿಐ ಲಿಂಕು ಎನ್ನುವುದು. ಒಬ್ಬ ಹುಡುಗಿ ಎರಡು ವರ್ಷ ‘ದುಡ್ಡು ಬಂದಿಲ್ಲ’ ಎಂದು ಅಲೆದಳು. ನೋಡಿದರೆ ಸಿಮ್ ಕೊಳ್ಳುವಾಗ ಅವಳಿಗೇ ತಿಳಿಯದಂತೆ ತೆರೆದ ಒಂದು ಪೇಮೆಂಟ್ ಬ್ಯಾಂಕಿನ ಖಾತೆಗೆ ಎರಡೂ ವರ್ಷದ್ದು ಬಂದು ಕೂತಿತ್ತು. ಆ ದುಡ್ಡಿಲ್ಲವೆಂದು ಅವಳು ಒಂದು ಸೆಮಿಸ್ಟರ್ ಬಿಟ್ಟಿದ್ದಳು. ದುಡ್ಡು ಸಿಕ್ಕ ಖುಷಿಗಿಂತ ಕಳೆದ ಆರು ತಿಂಗಳ ಸಂಕಟ ಅವಳ ಮುಖದಲ್ಲಿತ್ತು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಅರ್ಜಿ ತುಂಬುವ ಮೊದಲು ಆಧಾರ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತೆಗೆದು ನೋಡುವುದು ಕಡ್ಡಾಯ. ಅದಕ್ಕೆ ದುಡ್ಡು ಇಸಿದುಕೊಳ್ಳುವುದಿಲ್ಲ.

ಬಸ್ಸಿನ ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ದೂರದ ಊರಿಂದ ದಿನಾ ಹೋಗಿಬಂದು ಓದುವ ಹುಡುಗಿಯರು ಹೆಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆ ಖಾಸಗಿ ಬಸ್ಸುಗಳೇ ಓಡುವ ದಾರಿಗಳೂ ಉಂಟು, ಅಲ್ಲಿ ಟಿಕೆಟ್ ತಪ್ಪಿದ್ದಲ್ಲ. ಹುಡುಗರು ಪಾಸನ್ನು ಕಾಲೇಜು ಶುರುವಾದ ಕೂಡಲೇ ಮಾಡಿಸಬೇಕು.

ಇಷ್ಟೆಲ್ಲ ಆದರೂ ಮೇಲುಖರ್ಚಿಗೆ ಕೈಯಲ್ಲೊಂದಿಷ್ಟು ದುಡಿಮೆ ಬೇಕಾಗುತ್ತದೆ. ನಮ್ಮ ಹುಡುಗರು ದಾವಣಗೆರೆಯಲ್ಲಿ ಹೆಚ್ಚು ಮಾಡುವುದು ಕೇಟರಿಂಗ್. ಮದುವೆ ಸೀಜನ್ನಿನಲ್ಲಿ ಕಲ್ಯಾಣ ಮಂಟಪಗಳಲ್ಲಿ ಊಟ ಬಡಿಸುವ ಕೆಲಸ. ಹಿಂದಿನ ರಾತ್ರಿಯ ಆರತಕ್ಷತೆ, ಮಾರನೇ ದಿನದ ಮಧ್ಯಾಹ್ನದ ಊಟ ಎರಡನ್ನೂ ಮುಗಿಸಿದರೆ ಕೂಲಿಯೂ ಬರುತ್ತದೆ, ಎರಡು ದಿನದ ಊಟವೂ ಆಗುತ್ತದೆ. ಬಿಳಿ ಅಂಗಿ, ಕರಿ ಪ್ಯಾಂಟು ತಮ್ಮದೇ ಇರಬೇಕು. ಕಷ್ಟ ಏನೆಂದರೆ ಮದುವೆಗಳೆಲ್ಲ ಬರುವುದು ಪರೀಕ್ಷೆಯ ಹೊತ್ತಿಗೇ. ಬೆಳಗಿನ ಜಾವ ಪೇಪರ್ ಹಾಕುವುದು ಇದಕ್ಕಿಂತ ವಾಸಿ ಎನ್ನುತ್ತೇನೆ. ಆರೂವರೆಗೆ ಕೆಲಸ ಮುಗಿದು ಇಡೀ ದಿನ ಓದಿಗೆ ಉಳಿಯುತ್ತದೆ. ಬೈಕು, ಲೈಸೆನ್ಸು ಇದ್ದವರು ಸಂಜೆ ಊಟ ಡೆಲಿವರಿಗೆ ಹೋಗುತ್ತಾರೆ. ಪೆಟ್ರೋಲು, ಬೈಕಿನ ಸವೆತ ಕಳೆದು ಎಷ್ಟು ಉಳಿಯಿತೆಂದು ವಾರಕ್ಕೊಮ್ಮೆ ಲೆಕ್ಕ ಹಾಕಿ ನೋಡಬೇಕು. ಸಾಲ ಮಾಡಿ ಬೈಕು ಕೊಂಡು ಡೆಲಿವರಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಆಗ ಬೈಕಿನ ಕಂತಿಗಾಗಿ ಕ್ಲಾಸು ಬಿಡಬೇಕಾಗುತ್ತದೆ.

ಹೆಣ್ಣುಮಕ್ಕಳಿಗೆ ಮನೆಪಾಠ, ಸೀರೆಗೆ ಫಾಲ್ಸು, ಕುಚ್ಚು, ಬ್ಲೌಸಿಗೆ ಕೈಕಸೂತಿ. ಈಗ ಮಣಿ ಪೋಣಿಸಿದ ಕುಚ್ಚು, ಕ್ರೋಶಾ ಕುಚ್ಚುಗಳಿಗೆ ಬೆಲೆ ಚೆನ್ನಾಗಿದೆ. ನನ್ನ ಕಾಲದ 30 ರೂಪಾಯಿಯ ಹತ್ತು ಪಟ್ಟು ಪಡೆಯುವ ಹುಡುಗಿಯರನ್ನು ಕಂಡಿದ್ದೇನೆ. ಮನೆಪಾಠಕ್ಕೆ ನಮ್ಮ ಹಳ್ಳಿಗಳಲ್ಲಿ ದುಡ್ಡು ಕಡಿಮೆ, ಆದರೆ ಹೇಳಿಕೊಟ್ಟದ್ದು ತನಗೂ ಗಟ್ಟಿಯಾಗುತ್ತದೆ. ರಜೆಯಲ್ಲಿ ಊರಿಗೆ ಬಂದ ಮಕ್ಕಳು ಮೆಕ್ಕೆಜೋಳದ ತೆನೆ ಮುರಿಯಲು, ಶೇಂಗಾ ಬಿಡಿಸಲು, ಈರುಳ್ಳಿ ಕೊಯ್ಯಲು ಹೋಗುತ್ತಾರೆ. ಹದಿನೆಂಟು ತುಂಬಿದವರು ಮನೆಯ ಜಾಬ್ ಕಾರ್ಡಿನಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೂ ಹೋದದ್ದುಂಟು. 2025-26ರಲ್ಲಿ ಅದರ ದಿನಗೂಲಿ 370 ರೂಪಾಯಿ ಇತ್ತು. ಕೊರೊನಾ ಬಂದ 2020ರಲ್ಲಿ ಕೆರೆ ಹೂಳೆತ್ತುವಲ್ಲಿ ಡಿಗ್ರಿ ಹುಡುಗಿಯರು ಬುಟ್ಟಿ ಹೊತ್ತದ್ದನ್ನು ನೋಡಿದ್ದೇನೆ. ಅವರಲ್ಲಿ ಒಬ್ಬಳು ಈಗ ನರ್ಸು.

ಮಾಡಬಾರದ್ದು ಕೆಲವಿದೆ, ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ. ‘ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ’ ಎಂಬ ಮೆಸೇಜು ನಂಬಬೇಡಿ. ಕೆಲಸ ಕೊಡುವವನು ನಿಮ್ಮಿಂದಲೇ ಮೊದಲು ನೋಂದಣಿ ಶುಲ್ಕ ಕೇಳಿದರೆ ಅದು ಕೆಲಸ ಅಲ್ಲ. ‘ನಿನ್ನ ಬ್ಯಾಂಕ್ ಖಾತೆಯನ್ನು ಸ್ವಲ್ಪ ದಿನ ಬಳಸಲು ಕೊಡು, ತಿಂಗಳಿಗೆ ಐದು ಸಾವಿರ ಕೊಡ್ತೀನಿ’ ಎಂದು ಯಾರಾದರೂ ಬಂದರೆ ಕೊಡಬೇಡಿ. ಕಳ್ಳರ ದುಡ್ಡು ನಿಮ್ಮ ಹೆಸರಿನಲ್ಲಿ ಓಡಾಡುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ. ಮೊಬೈಲಿನ ಸಾಲದ ಆ್ಯಪುಗಳು ಇನ್ನೂ ಕೆಟ್ಟವು. ನನಗೆ ಗೊತ್ತಿರುವ ಹುಡುಗನೊಬ್ಬ ಪರೀಕ್ಷಾ ಶುಲ್ಕಕ್ಕೆಂದು ಒಂದು ಆ್ಯಪಿನಲ್ಲಿ ಮೂರು ಸಾವಿರ ಕೇಳಿದ. ಕೈಗೆ ಬಂದದ್ದು ಎರಡು ಸಾವಿರಕ್ಕೂ ಕಡಿಮೆ, ವಾರದೊಳಗೆ ಪೂರಾ ಮೂರು ಸಾವಿರ ಕಟ್ಟು ಎಂದರು. ತಡವಾದದ್ದಕ್ಕೆ ಅವನ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ, ಅವನ ಅಕ್ಕನಿಗೆ, ಮೇಷ್ಟರಿಗೆ ಹೊಲಸು ಮೆಸೇಜು ಕಳಿಸಿದರು. ಅವನು ನಾಲ್ಕು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅವನ ಅವ್ವ ನನ್ನ ಹತ್ತಿರ ಬಂದಾಗ 1930ಕ್ಕೆ ಫೋನು ಮಾಡಿಸಿ ಸೈಬರ್ ದೂರು ಕೊಡಿಸಿದೆವು. ಎರಡು ಸಾವಿರಕ್ಕೆ ಒಂದು ಮನೆ ಮಗನನ್ನು ಕಳೆದುಕೊಳ್ಳುವಷ್ಟು ಹತ್ತಿರ ಬಂದಿತ್ತು.

ಸಾಲ ಬೇಕೇ ಬೇಕಾದರೆ ದಾರಿ ಬೇರೆ ಇದೆ. ಸಿಇಟಿ ಬರೆದು ಎಂಜಿನಿಯರಿಂಗಿನಂಥ ಕೋರ್ಸಿಗೆ ಹೋಗುವ ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ನಿಗಮದಲ್ಲಿ ‘ಅರಿವು’ ಸಾಲವಿದೆ, ಶೇ 2ರ ಬಡ್ಡಿ. ಬ್ಯಾಂಕುಗಳ ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಜಮೀನು ಒತ್ತೆ ಇಲ್ಲದೆ ಸಿಗುತ್ತದೆ, ಅಪ್ಪನೋ ಅವ್ವನೋ ಜೊತೆಗೆ ಸಹಿ ಹಾಕಬೇಕು, ತೀರಿಸುವುದು ಓದು ಮುಗಿದ ಮೇಲೆ. ಬಿ.ಎ., ಬಿ.ಕಾಂ.ಗೆ ಸರ್ಕಾರಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಅಷ್ಟು ದೊಡ್ಡ ಸಾಲ ಬೇಕಿಲ್ಲ. ಅವರಿಗೆ ಬೇಕಾದ್ದು ಜೂನ್‌ನಿಂದ ನವೆಂಬರ್‌ವರೆಗೆ ದಾಟಲು ಒಂದು ಸಣ್ಣ ಕೈಸಾಲ. ನಮ್ಮ ಕೆಲವು ಸ್ತ್ರೀಶಕ್ತಿ ಸಂಘಗಳಲ್ಲಿ ಅವ್ವಂದಿರು ಈಗ ಆ ಕೆಲಸ ಮಾಡುತ್ತಿದ್ದಾರೆ. ಸಂಘದಿಂದ ಐದು ಸಾವಿರ ಎತ್ತಿ ಅಡ್ಮಿಷನ್ ಮಾಡಿಸಿ, ಮೆಕ್ಕೆಜೋಳ ಮಾರಿದಾಗ ತೀರಿಸುತ್ತಾರೆ. ಇದಕ್ಕಿಂತ ಮರ್ಯಾದೆಯ ಸಾಲವನ್ನು ನಾನು ನೋಡಿಲ್ಲ.

ಇಷ್ಟೂ ದಾರಿಗಳಿಗೆ ಅಡ್ಡ ನಿಲ್ಲುವುದು ನಾಚಿಕೆ. ಹುಡುಗಿಯರು ‘ದುಡ್ಡಿಲ್ಲ’ ಎನ್ನುವುದಿಲ್ಲ, ‘ಮನೆಯಲ್ಲಿ ಬೇಡ ಅಂದ್ರು’ ಎನ್ನುತ್ತಾರೆ. ಹುಡುಗರು ‘ಓದಾಕೆ ಮನಸ್ಸಿಲ್ಲಕ್ಕ’ ಎನ್ನುತ್ತಾರೆ. ನಾನೂ ಅವತ್ತು ಅಡುಗೆಯ ಅಕ್ಕನಿಗೆ ಮೊದಲು ‘ಅವ್ವಗೆ ಹುಷಾರಿಲ್ಲ’ ಎಂದೇ ಸುಳ್ಳು ಹೇಳಿದ್ದೆ. ಅವರು ಅಕ್ಕಿ ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು, ಅಷ್ಟಕ್ಕೆ ನಿಜ ಬಂತು. ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ನನ್ನ ಒಂದು ಕೋರಿಕೆ: ಹಾಜರಿ ಕರೆಯುವಾಗ ಮೂರು ದಿನ ಬಾರದ ಮಗುವಿಗೆ ಒಂದು ಫೋನು ಮಾಡಿ, ‘ಎಷ್ಟು ಬೇಕಿತ್ತು?’ ಎಂದು ನೇರವಾಗಿ ಕೇಳಿ. ಹಾಗೆ ಕೇಳಿ, ತಮ್ಮ ಜೇಬಿನಿಂದ ಕಟ್ಟಿ, ಯಾರಿಗೂ ಹೇಳದ ಮೇಷ್ಟರುಗಳು ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ. ಅವರ ಹೆಸರು ಬರೆದರೆ ಅವರಿಗೆ ಹಿಡಿಸುವುದಿಲ್ಲ.

ಮೊನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪಕ್ಕದ ಹಳ್ಳಿಯ ಹುಡುಗಿ ಬಂದಳು. ಪಿಯುಸಿ ಪಾಸಾಗಿದ್ದಾಳೆ. ಆಧಾರದ ಹೆಸರು ಅಂಕಪಟ್ಟಿಗೆ ಹೊಂದಿದೆ, ಆದಾಯ ಪತ್ರ ಹೊಸದು, ಬ್ಯಾಂಕು ಸರಿ ಇದೆ, ಹಾಸ್ಟೆಲ್ ಅರ್ಜಿ ಹೋಯಿತು. ಎಲ್ಲ ಮುಗಿದರೂ ಎದ್ದು ಹೋಗಲಿಲ್ಲ. ಕೈಚೀಲದಿಂದ ಅವ್ವನದೊಂದು ಹಳೇ ಸೀರೆ ತೆಗೆದು, “ಅಕ್ಕಾ, ನಿಮಗೆ ಕುಚ್ಚು ಹಾಕಾಕೆ ಬರ್ತದಂತೆ, ಹೇಳಿಕೊಡ್ತೀರೇನ್ರಿ” ಎಂದಳು.

ಮೇಜಿನ ಅಂಚಿಗೆ ಸೆರಗು ಬಿಗಿದು, ಮೇಲೆ ಜೆರಾಕ್ಸ್ ಹಾಳೆಯ ಕಟ್ಟು ಇಟ್ಟೆ. ಎಳೆ ಎಣಿಸಿ ಕೊಟ್ಟೆ. ಮೊದಲ ಐದು ಕುಚ್ಚಿನ ಸುತ್ತು ಬಿಗಿ ಸಾಲಲಿಲ್ಲ, ಎಳೆದು ತೋರಿಸಿ ಬಿಚ್ಚಿಸಿದೆ. ಆರನೆಯದನ್ನು ನಾನೇ ಜೋರಾಗಿ ಎಳೆದೆ. ಬರಲಿಲ್ಲ.